ಚಿನ್ನದ ನಾಣ್ಯ ಸಂಗ್ರಹಿಸುವುದು ಹೇಗೆ: ಕಾಸಿನ ಸರದಿಂದ ಕ್ರೂಗರ್‌ರಾಂಡ್‌ವರೆಗೆ

ಬಸವನಗುಡಿಯ ನಮ್ಮ ಹಳೆ ಮನೆಯಲ್ಲಿ ಅಜ್ಜಿಗೆ ಒಂದು ಕಾಸಿನ ಸರ ಇತ್ತು. ಹನ್ನೆರಡು ಸವರನ್‌ಗಳಿಗೆ, ಅಂದರೆ ಬ್ರಿಟಿಷರ ಚಿನ್ನದ ನಾಣ್ಯಗಳಿಗೆ, ಕೊಂಡಿ ಹಾಕಿ ಪೋಣಿಸಿದ ಸರ. ಮನೆ ರಿಪೇರಿಯ ವರ್ಷ ಕೈ ಬಿಗಿಯಾಯಿತು. ಅಪ್ಪ ಸರ ಬಿಚ್ಚಿಸಿ ಮಾರಿದರು. ಅಂಗಡಿಯವರು ಹನ್ನೊಂದು ಕಾಸನ್ನೂ ಒಟ್ಟಿಗೆ ತಕ್ಕಡಿಗೆ ಸುರಿದರು. ಬೆಸುಗೆಯ ತೂಕ ಕಳೆದು ದುಡ್ಡು ಎಣಿಸಿಕೊಟ್ಟರು. ಒಂದನ್ನು ಮಾತ್ರ ಅಜ್ಜಿ ಸೆರಗಿನ ತುದಿಗೆ ಕಟ್ಟಿಕೊಂಡು ಬಂದರು. "ದೇವರ ಮನೇಲಿ ಒಂದಾದ್ರೂ ಇರಲಿ ಕಣೋ" ಅಂದರು.

ಎಷ್ಟೋ ವರ್ಷದ ನಂತರ ಆ ಕಾಸನ್ನು ಭೂತಗನ್ನಡಿ ಹಿಡಿದು ನೋಡಿದೆ. ಒಂದು ಕಡೆ ಐದನೇ ಜಾರ್ಜ್ ದೊರೆಯ ತಲೆ. ಇನ್ನೊಂದು ಕಡೆ ಕುದುರೆಯ ಮೇಲೆ ಕೂತು ಡ್ರ್ಯಾಗನ್ ಕೊಲ್ಲುತ್ತಿರುವ ಸಂತ ಜಾರ್ಜ್. ಕೆಳಗೆ 1918. ಇಸವಿಯ ಮೇಲೆ, ಕುದುರೆ ನಿಂತ ನೆಲದ ಗೆರೆಯಲ್ಲಿ, ಎಳ್ಳಿನಷ್ಟು ಚಿಕ್ಕದಾಗಿ ಇಂಗ್ಲಿಷಿನ 'ಐ' ಅಕ್ಷರ. ಇಂಡಿಯಾದ ಗುರುತು. ಅದು ಲಂಡನ್ನಿನ ಕಾಸಲ್ಲ, ಮುಂಬೈನಲ್ಲಿ ಅಚ್ಚಾದದ್ದು. ಉಳಿದ ಹನ್ನೊಂದರ ಇಸವಿ ಏನಿತ್ತು, ಯಾವ ಗುರುತಿತ್ತು ಅಂತ ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಆ ಸಂಕಟವೇ ನನ್ನನ್ನು ಈ ಹವ್ಯಾಸಕ್ಕೆ ತಂದಿತು. ಹೊಸಬರಿಗೆ ಏನೇನು ಗೊತ್ತಿದ್ದರೆ ಒಳ್ಳೆಯದೋ ಅದನ್ನೆಲ್ಲ ಇಲ್ಲಿ ಹೇಳುತ್ತೇನೆ.

ಹಂತ 1: ಬೇಕಾಗಿರುವುದು ಚಿನ್ನವೋ, ನಾಣ್ಯವೋ?

ಅಂಗಡಿ ಮೆಟ್ಟಿಲು ಹತ್ತುವ ಮುಂಚೆಯೇ ಇದನ್ನು ತೀರ್ಮಾನಿಸಿ. ಎರಡೂ ಬೇಕು ಅಂತ ಹೊರಟವರೇ ಜಾಸ್ತಿ ದುಡ್ಡು ಕಳೆದುಕೊಳ್ಳುವುದು.

ಬ್ಯಾಂಕು ಮತ್ತು ಒಡವೆ ಅಂಗಡಿಗಳಲ್ಲಿ ಸಿಗುವ ಲಕ್ಷ್ಮಿಯ, ಗಣೇಶನ ಬಿಲ್ಲೆಗಳನ್ನು ನಾವು ನಾಣ್ಯ ಅನ್ನುತ್ತೇವೆ. ನಿಜವಾಗಿ ಅವು ನಾಣ್ಯದ ಆಕಾರದ ಚಿನ್ನ, ಅಷ್ಟೇ. ಅವುಗಳ ಮೇಲೆ ಯಾವ ಸರ್ಕಾರವೂ ಮುಖಬೆಲೆ ಹಾಕಿಲ್ಲ. ಉಳಿತಾಯಕ್ಕೆ ಒಳ್ಳೆಯವು. ಸಂಗ್ರಾಹಕರಿಗೆ ಅವುಗಳಲ್ಲಿ ಹುಡುಕುವಂಥದ್ದು ಕಡಿಮೆ.

ಬುಲಿಯನ್ ನಾಣ್ಯ ಬೇರೆ. ಒಂದು ದೇಶ ಕಾನೂನು ಮಾಡಿ, ಇಷ್ಟು ತೂಕ, ಇಷ್ಟು ಶುದ್ಧತೆ ಅಂತ ಮಾತು ಕೊಟ್ಟು, ತನ್ನ ಟಂಕಸಾಲೆಯಲ್ಲಿ ಅಚ್ಚು ಹಾಕಿಸಿದ ನಾಣ್ಯ ಅದು. ಅದರ ಬೆಲೆ ಚಿನಿವಾರ ಪೇಟೆಯ ಆ ದಿನದ ದರದ ಜೊತೆಗೇ ಏರಿಳಿಯುತ್ತದೆ. ಕೊಳ್ಳುವಾಗ ಚಿನ್ನದ ಬೆಲೆಯ ಮೇಲೆ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ. ಅದಕ್ಕೆ ಪ್ರೀಮಿಯಂ ಅನ್ನುತ್ತಾರೆ.

ಮೂರನೆಯದು ಸಂಗ್ರಾಹಕರ ನಾಣ್ಯ. ವಿಜಯನಗರದ ವರಹ, ಅಪರೂಪದ ಇಸವಿಯ ಸವರನ್, ಇಂಥವು. ಇವುಗಳಲ್ಲಿ ಚಿನ್ನದ ಬೆಲೆ ಒಂದು ಪಾಲು ಮಾತ್ರ. ಉಳಿದದ್ದು ಅಪರೂಪಕ್ಕೆ, ಸ್ಥಿತಿಗೆ, ಕಥೆಗೆ ಕೊಡುವ ಬೆಲೆ.

ನನ್ನ ಸಲಹೆ ಇದು. ಮೊದಲ ಎರಡು ವರ್ಷ ತೂಕಕ್ಕೆ ಮಾತ್ರ ದುಡ್ಡು ಕೊಡಿ, ಕಥೆಗೆ ಕೊಡಬೇಡಿ. ಕಥೆ ಓದಿ, ನೋಡಿ, ಕಣ್ಣು ಪಳಗಲಿ. ಆಮೇಲೆ ಕೊಳ್ಳುವಿರಂತೆ.

ಹಂತ 2: ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ

ಪ್ರಪಂಚದ ಚಿನ್ನದ ಲೆಕ್ಕ ಟ್ರಾಯ್ ಔನ್ಸಿನಲ್ಲಿ ನಡೆಯುತ್ತದೆ. ಒಂದು ಟ್ರಾಯ್ ಔನ್ಸ್ ಅಂದರೆ 31.1035 ಗ್ರಾಂ. ದಿನಸಿ ತೂಗುವ ಔನ್ಸ್ 28.35 ಗ್ರಾಂ ಮಾತ್ರ. ಇವೆರಡನ್ನು ಬೆರೆಸಬೇಡಿ.

22 ಕ್ಯಾರೆಟ್ ಅಂದರೆ 24ರಲ್ಲಿ 22 ಪಾಲು ಚಿನ್ನ, ಅಂದರೆ ನೂರಕ್ಕೆ 91.67. ದಕ್ಷಿಣ ಆಫ್ರಿಕಾದ ಬುಲಿಯನ್ ನಾಣ್ಯ ಕ್ರೂಗರ್‌ರಾಂಡ್ 22 ಕ್ಯಾರೆಟ್. ಒಟ್ಟು ತೂಕ 33.93 ಗ್ರಾಂ. ಅದರೊಳಗಿನ ಅಪ್ಪಟ ಚಿನ್ನ ಸರಿಯಾಗಿ ಒಂದು ಔನ್ಸ್. ಉಳಿದದ್ದು ತಾಮ್ರ. ಹಾಗಾಗಿ '22 ಕ್ಯಾರೆಟ್ ಅಂದ ಮೇಲೆ ಚಿನ್ನ ಕಡಿಮೆ' ಅನ್ನುವ ಮಾತು ಇಲ್ಲಿ ಸರಿಯಲ್ಲ. ತಾಮ್ರ ಸೇರಿಸಿ ತೂಕ ಹೆಚ್ಚಿಸಿದ್ದಾರೆ, ಚಿನ್ನ ಕಮ್ಮಿ ಮಾಡಿಲ್ಲ.

ನಮ್ಮ ಕಡೆ ಎಡವುವುದು ಸವರನ್ನಿನಲ್ಲಿ. ಒಡವೆ ಅಂಗಡಿಯ ಮಾತಿನಲ್ಲಿ ಒಂದು ಸವರನ್ ಅಂದರೆ 8 ಗ್ರಾಂ. ನಿಜವಾದ ಸವರನ್ ನಾಣ್ಯ 7.988 ಗ್ರಾಂ, ಅದೂ 22 ಕ್ಯಾರೆಟ್. ಒಳಗಿರುವ ಅಪ್ಪಟ ಚಿನ್ನ 7.322 ಗ್ರಾಂ. ಲೆಕ್ಕ ಸುಲಭವಾಗಲಿ ಅಂತ ಅಪ್ಪಟ ಚಿನ್ನ ಗ್ರಾಮಿಗೆ 10,000 ರೂಪಾಯಿ ಅಂದುಕೊಳ್ಳೋಣ. ಸವರನ್ನಿನ ಚಿನ್ನದ ಬೆಲೆ 73,220 ರೂಪಾಯಿ. 8 ಗ್ರಾಂ ಅಪ್ಪಟ ಅಂತ ಭಾವಿಸಿದರೆ 80,000. ಒಂದೇ ಕಾಸಿಗೆ 6,780 ರೂಪಾಯಿ ವ್ಯತ್ಯಾಸ.

ಇನ್ನೊಂದು ಲೆಕ್ಕ ಇದೆ, ಇದನ್ನು ಕೊಳ್ಳುವ ಮುಂಚೆ ಕಾಗದದ ಮೇಲೆ ಬರೆಯಿರಿ. ಅದೇ 10,000ದ ದರದಲ್ಲಿ 10 ಗ್ರಾಂ ಬಿಲ್ಲೆ ಕೊಂಡಿರಿ ಅನ್ನಿ. ಮಜೂರಿ 3 ಪರ್ಸೆಂಟ್ ಅಂತ ಹಿಡಿದರೆ 1,03,000 ಆಯಿತು. ಅದರ ಮೇಲೆ ಜಿಎಸ್‌ಟಿ 3 ಪರ್ಸೆಂಟ್. ಒಟ್ಟು 1,06,090. ಮರುದಿನವೇ ಮಾರಲು ಹೋದರೆ ಅಂಗಡಿಯವರು 2 ಪರ್ಸೆಂಟ್ ಹಿಡಿದರೂ ಕೈಗೆ ಬರುವುದು 98,000. ಅಂದರೆ ಚಿನ್ನದ ದರ 8 ಪರ್ಸೆಂಟಿಗಿಂತ ಜಾಸ್ತಿ ಏರಿದ ಮೇಲೆಯೇ ನಿಮ್ಮ ದುಡ್ಡು ನಿಮಗೆ. ಮಜೂರಿ, ಕಡಿತ ಅಂಗಡಿಯಿಂದ ಅಂಗಡಿಗೆ ಬೇರೆ. ನಿಮ್ಮ ಅಂಗಡಿಯ ಅಂಕಿ ಹಾಕಿ ನೋಡಿ. ಅರ್ಧ ಗ್ರಾಂ, ಒಂದು ಗ್ರಾಂ ಬಿಲ್ಲೆಗಳಿಗೆ ಗ್ರಾಮಿನ ಲೆಕ್ಕದಲ್ಲಿ ಮಜೂರಿ ಯಾವಾಗಲೂ ಹೆಚ್ಚು ಬೀಳುತ್ತದೆ. ಉಡುಗೊರೆಗೆ ಸರಿ, ಕೂಡಿಡಲು ದುಬಾರಿ.

ಹಂತ 3: ನಾಣ್ಯದ ಹಿಂದಿನ ಕಥೆ ತಿಳಿಯಿರಿ

ಇದು ನನಗೆ ತುಂಬ ಇಷ್ಟವಾದ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಚಿನ್ನದ ನಾಣ್ಯ ನಮ್ಮವರಿಗೆ ಹೊಸದಲ್ಲ. ಹಳೆ ಶಾಸನಗಳಲ್ಲಿ ದತ್ತಿ ಕೊಟ್ಟದ್ದು ಗದ್ಯಾಣದ ಲೆಕ್ಕದಲ್ಲಿ. ವಿಜಯನಗರದಲ್ಲಿ ಅದು ವರಹ ಆಯಿತು. ತೂಕ ಸುಮಾರು 3.4 ಗ್ರಾಂ. ಮೊದಲನೆಯ ಹರಿಹರನ ವರಹದಲ್ಲಿ ಹನುಮಂತ, ಕೃಷ್ಣದೇವರಾಯನದರಲ್ಲಿ ಬಾಲಕೃಷ್ಣ, ಅಚ್ಯುತರಾಯನದರಲ್ಲಿ ಗಂಡಭೇರುಂಡ. ಮೈಸೂರಿನಲ್ಲಿ ಕಂಠೀರವ ನರಸರಾಜ ಒಡೆಯರು (ಆಳ್ವಿಕೆ 1638ರಿಂದ 1659) ನರಸಿಂಹನ ಚಿತ್ರದ ಪುಟ್ಟ ಚಿನ್ನದ ಹಣ ಹೊರಡಿಸಿದರು. ಅದೇ ಕಂಠೀರಾಯ ಹಣ. ಬೆರಳ ತುದಿಗೆ ಅಂಟಿದರೆ ಕಾಣದಷ್ಟು ಚಿಕ್ಕದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಶಿವ-ಪಾರ್ವತಿ ವರಹ. ವಿಜಯನಗರದ ಆ ಚಿತ್ರವನ್ನು ಕೆಳದಿ ನಾಯಕರು ಮುಂದುವರಿಸಿದರು. 1763ರಲ್ಲಿ ಬಿದನೂರು ಗೆದ್ದ ಹೈದರಾಲಿ ಕೂಡ ಆ ಚಿತ್ರವನ್ನು ಬದಲಿಸಲಿಲ್ಲ. ಒಂದು ಮುಖದಲ್ಲಿ ಶಿವ-ಪಾರ್ವತಿಯನ್ನೇ ಇಟ್ಟು, ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಹಾಕಿಸಿದ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಶಿವ-ಪಾರ್ವತಿಯೇ. ಏಕೆ ಗೊತ್ತಾ? ಸಂತೆಯಲ್ಲಿ ಜನ ನಂಬಿದ್ದು ಆ ಚಿತ್ರವನ್ನು. ಚಿತ್ರ ಬದಲಾದರೆ ಚಿನಿವಾರ ಮತ್ತೆ ಒರೆಗೆ ಹಚ್ಚುತ್ತಾನೆ. ಅದೇ ಚಿತ್ರ ಇದ್ದರೆ ನಾಣ್ಯ ಕೈಯಿಂದ ಕೈಗೆ ಸರಾಗವಾಗಿ ಹೋಗುತ್ತದೆ.

ಸವರನ್ನಿನ ಗುಟ್ಟೂ ಇದೇ. ಇಂದಿನ ರೂಪದ ಸವರನ್ ಬಂದದ್ದು 1817ರಲ್ಲಿ. ಸಂತ ಜಾರ್ಜನ ಚಿತ್ರ ಕೆತ್ತಿದವರು ಇಟಲಿಯ ಬೆನೆಡೆಟ್ಟೊ ಪಿಸ್ಟ್ರೂಚಿ. ನಡುವೆ ಕೆಲವು ದಶಕ ಗುರಾಣಿಯ ಚಿತ್ರ ಇತ್ತು. 1871ರಲ್ಲಿ ಸಂತ ಜಾರ್ಜ್ ವಾಪಸ್ ಬಂದ. ಅದೇ ಚಿತ್ರ ಇಂದಿಗೂ ಅಚ್ಚಾಗುತ್ತಿದೆ. ತೂಕವೂ ಅದೇ.

ನಮ್ಮ ದೇಶದಲ್ಲಿ 1899ರಲ್ಲಿ ಸವರನ್ನಿಗೆ 15 ರೂಪಾಯಿ ಅಂತ ಕಾನೂನಿನ ಬೆಲೆ ಕಟ್ಟಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಹಡಗಿನಲ್ಲಿ ಚಿನ್ನ ಸಾಗಿಸುವುದು ಅಪಾಯವಾಯಿತು. ಆಗ ಮುಂಬೈಯಲ್ಲಿ ಬ್ರಿಟನ್ನಿನ ಟಂಕಸಾಲೆಯಾದ ರಾಯಲ್ ಮಿಂಟ್ ಶಾಖೆ ತೆರೆದು ಸವರನ್ ಅಚ್ಚು ಹಾಕಿದರು. ಅವುಗಳ ಮೇಲಿರುವುದು 1918 ಒಂದೇ ಇಸವಿ. ಸಂಖ್ಯೆ ಸುಮಾರು 13 ಲಕ್ಷ. ಅದೇ ವರ್ಷ ಅಲ್ಲೇ 15 ರೂಪಾಯಿ ಮುಖಬೆಲೆಯ ಚಿನ್ನದ ಮೊಹರು ಕೂಡ ಹೊರಬಂತು. ಅಜ್ಜಿಯ ಕಾಸು ಬಂದದ್ದು ಅಲ್ಲಿಂದ.

ಇನ್ನು ಬುಲಿಯನ್ ನಾಣ್ಯದ ಕಥೆ. 1933ರಲ್ಲಿ ಅಮೆರಿಕದ ಸರ್ಕಾರ ಜನರ ಹತ್ತಿರದ ಚಿನ್ನವನ್ನು ವಾಪಸ್ ಪಡೆಯಿತು. ಅಲ್ಲಿನ ಜನಕ್ಕೆ ಮತ್ತೆ ಮುಕ್ತವಾಗಿ ಚಿನ್ನ ಇಟ್ಟುಕೊಳ್ಳಲು ಅನುಮತಿ ಸಿಕ್ಕಿದ್ದು 1974ರ ಕೊನೆಯ ದಿನ. ಅಷ್ಟರಲ್ಲಿ ದಕ್ಷಿಣ ಆಫ್ರಿಕಾ ತಯಾರಾಗಿತ್ತು. ತನ್ನ ಗಣಿಗಳ ಚಿನ್ನಕ್ಕೆ ಮಾರುಕಟ್ಟೆ ಬೇಕು ಅಂತ 1967ರಲ್ಲೇ ಕ್ರೂಗರ್‌ರಾಂಡ್ ಹೊರತಂದಿತ್ತು. ಒಂದು ಮುಖದಲ್ಲಿ ಅಲ್ಲಿನ ಹಳೆ ಕಾಲದ ಅಧ್ಯಕ್ಷ ಪಾಲ್ ಕ್ರೂಗರ್, ಇನ್ನೊಂದರಲ್ಲಿ ಸ್ಪ್ರಿಂಗ್‌ಬಾಕ್ ಜಿಂಕೆ. ಅದರ ಮೇಲೆ ಮುಖಬೆಲೆಯೇ ಇಲ್ಲ. ಒಳಗಿನ ಒಂದು ಔನ್ಸ್ ಚಿನ್ನದ ಆ ದಿನದ ದರವೇ ಅದರ ಬೆಲೆ. ಆ ಕಾಲಕ್ಕೆ ಅದು ಹೊಸ ಯೋಚನೆ. 1980ರ ಹೊತ್ತಿಗೆ ಜಗತ್ತಿನ ಚಿನ್ನದ ನಾಣ್ಯ ಮಾರುಕಟ್ಟೆಯ ಸುಮಾರು 90 ಪರ್ಸೆಂಟ್ ಅದರದ್ದೇ ಆಗಿತ್ತು.

ವರ್ಣಭೇದ ನೀತಿಯ ಕಾರಣಕ್ಕೆ 1985ರಲ್ಲಿ ಅಮೆರಿಕ ಕ್ರೂಗರ್‌ರಾಂಡ್ ಆಮದು ನಿಲ್ಲಿಸಿತು. ಕೆನಡಾ 1979ರಲ್ಲೇ ಮೇಪಲ್ ಲೀಫ್ ತಂದಿತ್ತು, 1982ರಿಂದ ಅದರ ಶುದ್ಧತೆ 9999, ಅಂದರೆ ಹತ್ತು ಸಾವಿರದಲ್ಲಿ 9,999 ಪಾಲು ಚಿನ್ನ. ಚೀನಾದ ಪಾಂಡಾ 1982ರಲ್ಲಿ ಬಂತು. ಅದರ ಚಿತ್ರ ಹೆಚ್ಚುಕಮ್ಮಿ ಪ್ರತಿ ವರ್ಷ ಬದಲಾಗುತ್ತದೆ, ಹಾಗಾಗಿ ಸಂಗ್ರಾಹಕರಿಗೆ ಪ್ರೀತಿ. 2016ರಿಂದ ಪಾಂಡಾ ಔನ್ಸ್ ಬಿಟ್ಟು ಗ್ರಾಂ ಲೆಕ್ಕಕ್ಕೆ ಬಂದಿದೆ, ದೊಡ್ಡದು 30 ಗ್ರಾಂ. ಅಮೆರಿಕದ ಈಗಲ್ 1986, ಬ್ರಿಟನ್ನಿನ ಬ್ರಿಟಾನಿಯಾ 1987, ಆಸ್ಟ್ರಿಯಾದ ಫಿಲ್‌ಹಾರ್ಮೋನಿಕ್ 1989, ಅಮೆರಿಕದ ಬಫಲೋ 2006. ಆಸ್ಟ್ರೇಲಿಯಾದ ನಾಣ್ಯದ ಮೇಲೆ ಮೊದಲು ಚಿನ್ನದ ಗಟ್ಟಿಯ ಚಿತ್ರ ಇತ್ತು, 1989ರಿಂದ ಕಾಂಗರೂ. ಬ್ರಿಟಾನಿಯಾ ಕೊಳ್ಳುವವರು ಇಸವಿ ನೋಡಿ. 2012ರವರೆಗೆ 22 ಕ್ಯಾರೆಟ್, 2013ರಿಂದ 9999.

ನಮ್ಮಲ್ಲಿ ಆ ದಶಕಗಳು ಬೇರೆ ಥರ ಕಳೆದವು. 1963ರಲ್ಲಿ ಚಿನ್ನ ನಿಯಂತ್ರಣ ನಿಯಮ ಬಂದು 14 ಕ್ಯಾರೆಟ್‌ಗಿಂತ ಹೆಚ್ಚಿನ ಒಡವೆ ಮಾಡಬಾರದು ಅಂದರು. ಎಷ್ಟೋ ಅಕ್ಕಸಾಲಿಗರ ಹೊಟ್ಟೆಯ ಮೇಲೆ ಹೊಡೆದ ನಿಯಮ ಅದು. 1968ರ ಚಿನ್ನ ನಿಯಂತ್ರಣ ಕಾಯ್ದೆ ಗಟ್ಟಿ ಚಿನ್ನ, ನಾಣ್ಯ ಇಟ್ಟುಕೊಳ್ಳುವುದಕ್ಕೂ ಬಿಗಿ ಹಾಕಿತು. ಅದು ರದ್ದಾದದ್ದು 1990ರಲ್ಲಿ. ಕ್ರೂಗರ್‌ರಾಂಡ್ ಜಗತ್ತು ಸುತ್ತುತ್ತಿದ್ದಾಗ ಬೆಂಗಳೂರಿನ ಮನೆಗಳಲ್ಲಿ ಅದು ಕಾಣದೇ ಹೋದದ್ದಕ್ಕೆ ಇದೇ ದೊಡ್ಡ ಕಾರಣ. 2015ರ ನವೆಂಬರ್ 5ರಂದು ಭಾರತ ಸರ್ಕಾರ ತನ್ನದೇ ಚಿನ್ನದ ನಾಣ್ಯ ಬಿಡುಗಡೆ ಮಾಡಿತು. ಒಂದು ಕಡೆ ಅಶೋಕ ಚಕ್ರ, ಇನ್ನೊಂದು ಕಡೆ ಗಾಂಧೀಜಿ.

ಕೋಲಾರದ ಗಣಿಗಳಿಂದ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂತು. 1902ರಲ್ಲಿ ಶಿವನಸಮುದ್ರದ ಕರೆಂಟ್ ಮೊದಲು ಹೋದದ್ದು ಆ ಗಣಿಗೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ದಕ್ಷಿಣ ಆಫ್ರಿಕಾ ತನ್ನ ಗಣಿಯ ಚಿನ್ನವನ್ನು ಒಂದು ನಾಣ್ಯವಾಗಿ ಜಗತ್ತಿಗೇ ಪರಿಚಯಿಸಿತು. ಕೋಲಾರಕ್ಕೆ ಆ ಭಾಗ್ಯ ಬರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಹಂತ 4: ಯಾವುದರಿಂದ ಶುರು?

ಮೊದಲ ನಾಣ್ಯ ನಮ್ಮ ದೇಶದ್ದೇ ಆಗಲಿ. ಸರ್ಕಾರದ ಚಿನ್ನದ ನಾಣ್ಯ 24 ಕ್ಯಾರೆಟ್, ಹಾಲ್‌ಮಾರ್ಕ್ ಇರುವಂಥದ್ದು. ಬಿಡುಗಡೆಯಾದಾಗ ಬಂದದ್ದು 5 ಮತ್ತು 10 ಗ್ರಾಂ ಅಳತೆಯಲ್ಲಿ. ಪ್ಯಾಕ್ ಒಡೆಯದೆ ಇಡಿ.

ಎರಡನೆಯದು ಸವರನ್. ಹೊಸ ಸಂಗ್ರಾಹಕರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ನಮ್ಮ ಕಡೆ ಹಳೆ ಸವರನ್ ಇರುವ ಮನೆಗಳು ಬೇಕಾದಷ್ಟಿವೆ. ಚಿನ್ನದ ಬೆಲೆಗೆ ಹತ್ತಿರದಲ್ಲೇ ಸಿಗಬಹುದು. ಹುಡುಕಲು ಇಸವಿ ಇದೆ, ತಲೆ ಇದೆ, ಟಂಕಸಾಲೆಯ ಗುರುತಿದೆ. 2013ರಿಂದ ರಾಯಲ್ ಮಿಂಟ್ ಅನುಮತಿಯೊಂದಿಗೆ ನಮ್ಮ ದೇಶದ ಚಿನ್ನ ಶುದ್ಧೀಕರಣ ಕಂಪನಿ ಎಂಎಂಟಿಸಿ-ಪ್ಯಾಂಪ್ ಕೂಡ 'ಐ' ಗುರುತಿನ ಸವರನ್ ಅಚ್ಚು ಹಾಕಿದೆ. 1918ರ ಒಂದು, ಇದು ಒಂದು, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಸುಮಾರು ನೂರು ವರ್ಷದ ಅಂತರ ಅಂಗೈ ಮೇಲೆ ಇರುತ್ತದೆ.

ನನಗೆ ಇಷ್ಟವಾದ ಗುರಿ ಐದನೇ ಜಾರ್ಜನ ಏಳು ಟಂಕಸಾಲೆಗಳು. ಲಂಡನ್ನಿನದಕ್ಕೆ ಗುರುತಿಲ್ಲ. ಸಿಡ್ನಿಗೆ 'ಎಸ್', ಮೆಲ್ಬರ್ನಿಗೆ 'ಎಂ', ಪರ್ತ್‌ಗೆ 'ಪಿ', ಕೆನಡಾದ ಒಟ್ಟಾವಾಕ್ಕೆ 'ಸಿ', ಮುಂಬೈಗೆ 'ಐ', ಪ್ರಿಟೋರಿಯಾಗೆ 'ಎಸ್‌ಎ'. ಒಂದೊಂದು ಸಿಕ್ಕಿದರೂ ಸಾಕು, ಒಂದು ಪೂರ್ತಿ ಸಂಗ್ರಹ. ಲಂಡನ್ನಿನ 1917 ಮಾತ್ರ ತುಂಬ ಅಪರೂಪ. ಅದರ ನಕಲಿಗಳೂ ಅಷ್ಟೇ ಹೆಸರುವಾಸಿ. ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಕೈ ಮುಗಿದು ಬನ್ನಿ.

ಒಂದು ಔನ್ಸಿನ ವಿದೇಶಿ ನಾಣ್ಯಗಳಿಗೆ ಅವಸರ ಬೇಡ. ಒಂದಕ್ಕೇ ದೊಡ್ಡ ಮೊತ್ತ ಬೇಕು. ಇಲ್ಲಿನ ಬಹಳ ಅಂಗಡಿಗಳಿಗೆ ಅವುಗಳ ಪರಿಚಯ ಇಲ್ಲ. ಮಾರುವಾಗ ಹಳೆ ಚಿನ್ನದ ಲೆಕ್ಕದಲ್ಲೇ ನೋಡುತ್ತಾರೆ.

ಕಣ್ಣು ಪಳಗಿಸಲು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. 1865ರಲ್ಲಿ ಶುರುವಾದದ್ದು. ಅಲ್ಲಿ ನಾಣ್ಯಗಳ ಸಂಗ್ರಹವೂ ಇದೆ. ಹೋಗುವ ಮುಂಚೆ ತೆರೆದಿದೆಯಾ ಅಂತ ವಿಚಾರಿಸಿ. ಅಂದಹಾಗೆ, ನಮ್ಮ ಯಶವಂತಪುರದಲ್ಲೂ ಎಚ್‌ಎಎಲ್ ಕಡೆಯಲ್ಲೂ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿದೆ. ಅಷ್ಟು ದೂರದ ನಾಣ್ಯ ಈ ಊರಿನ ಮಣ್ಣಿನಲ್ಲಿತ್ತು.

ಹಂತ 5: ಬೆಂಗಳೂರಿನಲ್ಲಿ ಕೊಳ್ಳುವುದು

ಹೊಸ ಬಿಲ್ಲೆಗೆ ದೊಡ್ಡ ಒಡವೆ ಅಂಗಡಿ ಅಥವಾ ಬ್ಯಾಂಕ್. ಆದರೆ ಇದು ನೆನಪಿರಲಿ: ಬ್ಯಾಂಕುಗಳು ನಾಣ್ಯ ಮಾರುತ್ತವೆ, ವಾಪಸ್ ಕೊಳ್ಳುವುದಿಲ್ಲ. ಮಾರಲು ನೀವು ಅಂಗಡಿಗೇ ಹೋಗಬೇಕು.

ಹಳೆ ಸವರನ್ನಿಗೆ ಚಿಕ್ಕಪೇಟೆ, ಅವೆನ್ಯೂ ರಸ್ತೆ, ನಗರ್ತಪೇಟೆ, ಶಿವಾಜಿನಗರದ ಜ್ಯುವೆಲರ್ಸ್ ಸ್ಟ್ರೀಟ್ ಸುತ್ತಬೇಕು. ಮೊದಲ ದಿನವೇ ದುಡ್ಡು ತೆಗೆದುಕೊಂಡು ಹೋಗಬೇಡಿ. ಸುಮ್ನೆ ನಾಲ್ಕು ಅಂಗಡಿ ನೋಡಿ, ದರ ಕೇಳಿ, ಬರೆದುಕೊಳ್ಳಿ. ವರಮಹಾಲಕ್ಷ್ಮಿ, ಅಕ್ಷಯ ತೃತೀಯದ ದಿನ ಅಂಗಡಿ ತುಂಬಿರುತ್ತದೆ. ಶಾಸ್ತ್ರಕ್ಕೆ ಅಂತ ಒಂದು ಗ್ರಾಂ ಕೊಳ್ಳಿ, ತಪ್ಪಿಲ್ಲ. ಸಂಗ್ರಹಕ್ಕೆ ಕೊಳ್ಳುವುದಾದರೆ ಮಾಮೂಲಿ ಮಂಗಳವಾರ ಬೆಳಿಗ್ಗೆ ಹೋಗಿ. ಅಂಗಡಿಯವರಿಗೂ ಪುರುಸೊತ್ತು ಇರುತ್ತದೆ, ನಿಮಗೂ ಭೂತಗನ್ನಡಿ ಹಿಡಿದು ನೋಡಲು ಸಮಯ ಸಿಗುತ್ತದೆ.

ಅಪರೂಪದವು ಬೇಕಾದರೆ ನಾಣ್ಯ ಪ್ರದರ್ಶನ, ಹರಾಜು. ಎರಡೂ ಈ ಊರಿನಲ್ಲಿ ನಡೆಯುತ್ತವೆ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಹರಾಜುದಾರರ ಕಮಿಷನ್, ಅದರ ಮೇಲೆ ತೆರಿಗೆ ಬೀಳುತ್ತದೆ. ಕೈ ಎತ್ತುವ ಮುಂಚೆ ಅದನ್ನು ಸೇರಿಸಿ ಲೆಕ್ಕ ಹಾಕಿ.

ಏನೇ ಕೊಂಡರೂ ಬಿಲ್ ತೆಗೆದುಕೊಳ್ಳಿ. ಬಿಲ್ಲಿನಲ್ಲಿ ತೂಕ, ಶುದ್ಧತೆ, ಆ ದಿನದ ದರ, ಮಜೂರಿ, ಜಿಎಸ್‌ಟಿ ಬೇರೆ ಬೇರೆಯಾಗಿ ಬರೆದಿರಬೇಕು. 2 ಲಕ್ಷ ದಾಟಿದರೆ ಪ್ಯಾನ್ ಕೊಡಬೇಕು. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಮೊತ್ತವನ್ನು ಅಂಗಡಿಯವರು ನಗದಾಗಿ ಪಡೆಯುವಂತಿಲ್ಲ. 'ಬಿಲ್ ಬೇಡ ಅಂದ್ರೆ ಮೂರು ಪರ್ಸೆಂಟ್ ಉಳಿಯುತ್ತೆ' ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಬಿಲ್ಲಿಲ್ಲದ ನಾಣ್ಯ ನಾಳೆ ಮಾರುವಾಗಲೂ ತೊಂದರೆ, ಕಳವಾದರೆ ದೂರು ಕೊಡಲೂ ತೊಂದರೆ.

ಹಂತ 6: ಮನೆಯಲ್ಲೇ ಪರೀಕ್ಷೆ

ಮೂರು ಸಾಮಾನು ಬೇಕು. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ.

ಮೊದಲು ತೂಕ. ಸವರನ್ 7.98 ಅಥವಾ 7.99 ತೋರಿಸಬೇಕು. ಕೈಯಿಂದ ಕೈಗೆ ಹೋಗಿ ಸವೆದಿದ್ದರೆ ಸ್ವಲ್ಪ ಕಡಿಮೆ. ಸವೆದ ಸವರನ್ ಚಲಾವಣೆಗೆ ಯೋಗ್ಯ ಅನ್ನಲು ಬ್ರಿಟಿಷರು ಇಟ್ಟಿದ್ದ ಕನಿಷ್ಠ ತೂಕ 7.938 ಗ್ರಾಂ. ಅದಕ್ಕಿಂತ ಕೆಳಗಿದ್ದರೆ ತುಂಬ ಸವೆದಿದೆ, ಇಲ್ಲವೇ ಯಾರೋ ಅಂಚು ಉಜ್ಜಿದ್ದಾರೆ. 8 ಗ್ರಾಂ ದಾಟಿದರೆ ಬೆಸುಗೆ ಉಳಿದಿದೆಯಾ ನೋಡಿ. ಅದೂ ಇಲ್ಲದಿದ್ದರೆ ಅನುಮಾನ ಪಡಿ.

ಆಮೇಲೆ ಅಳತೆ. ಸವರನ್ನಿನ ಅಡ್ಡಳತೆ 22.05 ಮಿಲಿಮೀಟರ್, ದಪ್ಪ ಸುಮಾರು 1.52. ಚಿನ್ನ ತುಂಬ ಭಾರದ ಲೋಹ. ಹಿತ್ತಾಳೆಯಲ್ಲಿ ಇದೇ ಅಳತೆಗೆ ಮಾಡಿದರೆ ತೂಕ ಅರ್ಧಕ್ಕೆ ಬಂದುಬಿಡುತ್ತದೆ. ತೂಕ ಸರಿ ಮಾಡಿದರೆ ದಪ್ಪ ಎದ್ದು ಕಾಣುತ್ತದೆ. ಎರಡನ್ನೂ ಒಟ್ಟಿಗೆ ಸರಿ ಮಾಡುವುದು ನಕಲಿ ಮಾಡುವವರಿಗೆ ಕಷ್ಟ.

ಮೂರನೆಯದು ನೀರಿನ ಪರೀಕ್ಷೆ. ತಕ್ಕಡಿಯ ಮೇಲೆ ನೀರು ತುಂಬಿದ ಪುಟ್ಟ ಲೋಟ ಇಟ್ಟು ಸೊನ್ನೆಗೆ ತನ್ನಿ. ಸಣ್ಣ ದಾರದಲ್ಲಿ ನಾಣ್ಯ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ. ತಳಕ್ಕೆ, ಬದಿಗೆ ತಾಗಬಾರದು. ಗಾಳಿಗುಳ್ಳೆ ಅಂಟಿದ್ದರೆ ಅಲುಗಿಸಿ ಬಿಡಿಸಿ. ತಕ್ಕಡಿ ತೋರಿಸುವ ಅಂಕಿ ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಸವರನ್ನಿಗೆ ಅದು 0.45 ಆಸುಪಾಸು ಬರಬೇಕು. ಕ್ರೂಗರ್‌ರಾಂಡ್‌ಗೆ 1.93 ಆಸುಪಾಸು. ಅಪ್ಪಟ ಚಿನ್ನದ ಒಂದು ಔನ್ಸ್ ಮೇಪಲ್ ಲೀಫ್‌ಗೆ 1.61. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಅಪ್ಪಟ ಚಿನ್ನಕ್ಕೆ 19.3, ತಾಮ್ರ ಬೆರೆತ 22 ಕ್ಯಾರೆಟ್‌ಗೆ ಸುಮಾರು 17.6. ಟಂಗ್‌ಸ್ಟನ್ನಿನ ಸಾಂದ್ರತೆ ಅಪ್ಪಟ ಚಿನ್ನಕ್ಕೆ ತೀರಾ ಹತ್ತಿರ, 19.25. ಹಾಗಾಗಿ 24 ಕ್ಯಾರೆಟ್ ಗಟ್ಟಿಗಳಿಗೆ ಈ ಪರೀಕ್ಷೆ ಒಂದೇ ಸಾಲದು. ಪ್ಯಾಕ್ ಒಡೆದ ದೊಡ್ಡ ಗಟ್ಟಿಯನ್ನು ಹೊರಗಿನವರಿಂದ ಕೊಳ್ಳಬೇಡಿ ಅನ್ನುವುದು ಇದಕ್ಕೇ.

ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ನಕಲಿ. ಅಂಟದಿದ್ದರೆ ಅಸಲಿ ಅಂತ ಅರ್ಥ ಅಲ್ಲ, ಹಿತ್ತಾಳೆಯೂ ಅಂಟುವುದಿಲ್ಲ. ಅಂಗಡಿಯ ಕ್ಯಾರೆಟ್ ಮೆಷಿನ್ ಒಳ್ಳೆಯದೇ, ಆದರೆ ಅದು ಮೇಲ್ಪದರವನ್ನು ಮಾತ್ರ ಓದುತ್ತದೆ. ತೂಕ, ಅಳತೆಯ ಜೊತೆಗೆ ಸೇರಿಸಿಯೇ ಅದನ್ನು ನಂಬಬೇಕು.

ಕೊನೆಗೆ ಕಣ್ಣು. ಅಕ್ಷರಗಳ ಅಂಚು ಚೂಪಾಗಿದೆಯಾ? ಸುತ್ತಲಿನ ಹಲ್ಲುಗಳು ಒಂದೇ ಸಮ ಇವೆಯಾ? ಇಸವಿಯ ಪಕ್ಕ ಬಲಗಡೆ ಪಿಸ್ಟ್ರೂಚಿಯ 'ಬಿಪಿ' ಅಕ್ಷರ ಕಾಣುತ್ತದೆಯಾ? ಎರಕ ಹೊಯ್ದ ನಕಲಿಯಲ್ಲಿ ಇವೆಲ್ಲ ಸೋಪಿನ ಹಾಗೆ ಮಂಕಾಗಿರುತ್ತವೆ. ನಮ್ಮ ಕಡೆಯ ಸವರನ್ನಿನಲ್ಲಿ ಮುಖ್ಯವಾಗಿ ನೋಡಬೇಕಾದ್ದು ಮೇಲಂಚು, ಹನ್ನೆರಡು ಗಂಟೆಯ ಜಾಗ. ಕಾಸಿನ ಸರದಿಂದ ಬಂದದ್ದಾದರೆ ಅಲ್ಲಿ ಕೊಂಡಿಯ ಬೆಸುಗೆ ಗುರುತು ಇರುತ್ತದೆ. ಎಷ್ಟೇ ಮೆರುಗು ಕೊಟ್ಟರೂ ಅಂಚಿನ ಗೆರೆಗಳು ಅಲ್ಲಿ ಅಳಿಸಿರುತ್ತವೆ. ಅಂಥ ಕಾಸಿಗೆ ಚಿನ್ನದ ಬೆಲೆ ಮಾತ್ರ ಕೊಡಿ. ಅಜ್ಜಿಯ ಕಾಸಿಗೂ ಆ ಗುರುತಿದೆ. ಸಂಗ್ರಾಹಕರ ಲೆಕ್ಕದಲ್ಲಿ ಅದು ಊನ. ನನಗೆ ಅದು ಅಜ್ಜಿಯ ಕೊರಳಿನ ಗುರುತು.

ಇನ್ನೊಂದು ಮಾತು. ಅಂಗಡಿಯಲ್ಲಿ ತೋರಿಸುವಾಗ ಮೊದಲೇ ಹೇಳಿ: 'ಒರೆಗೆ ಹಚ್ಚಬೇಡಿ, ಅರ ಹಾಕಬೇಡಿ.' ಒಡವೆಗೆ ಅದು ಮಾಮೂಲು. ನಾಣ್ಯಕ್ಕೆ ಅದು ಗಾಯ.

ಹಂತ 7: ಇಡುವುದು

ತೊಳೆಯಬೇಡಿ. ನಮ್ಮ ಮನೆಗಳಲ್ಲಿ ಚಿನ್ನ ಅಂದ ತಕ್ಷಣ ಅಂಟುವಾಳದ ನೊರೆ, ಹಳೆ ಬ್ರಷ್ಷು. ಒಡವೆಗೆ ಸರಿ. ನಾಣ್ಯದ ಮೇಲೆ ಆ ಉಜ್ಜಾಟದ ಸಣ್ಣ ಗೀರುಗಳು ಶಾಶ್ವತ. ಅಪ್ಪಟ ಚಿನ್ನ ಮೆದು, ಉಗುರು ತಾಗಿದರೂ ಗುರುತು ಬೀಳಬಹುದು. ಪೂಜೆಗೆ ಇಟ್ಟಾಗ ಕುಂಕುಮ ನೇರವಾಗಿ ನಾಣ್ಯಕ್ಕೆ ಹಚ್ಚದೆ ಡಬ್ಬಿಯ ಮೇಲೆ ಇಡಿ.

ಹಿಡಿಯುವಾಗ ಎರಡು ಬೆರಳಲ್ಲಿ ಅಂಚು ಮಾತ್ರ ಹಿಡಿಯಿರಿ. ಕೆಳಗೆ ಮೆತ್ತನೆ ಬಟ್ಟೆ ಹಾಸಿರಿ. ಪಿವಿಸಿ ಪ್ಲಾಸ್ಟಿಕ್ಕಿನ ಕವರು ಬೇಡ, ಕಾಲ ಕಳೆದಂತೆ ಅಂಟು ಬಿಡುತ್ತದೆ. ನಾಣ್ಯದ ಅಳತೆಗೇ ಸಿಗುವ ಅಕ್ರಿಲಿಕ್ ಕ್ಯಾಪ್ಸೂಲ್ ತೆಗೆದುಕೊಳ್ಳಿ.

ಬ್ಯಾಂಕ್ ಲಾಕರ್ ಇಟ್ಟರೆ ನಿಯಮ ತಿಳಿದಿರಲಿ. 2022ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳ್ಳತನ, ಬ್ಯಾಂಕ್ ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು. ಒಳಗಿರುವ ನಾಣ್ಯದ ಬೆಲೆ ಅದಕ್ಕಿಂತ ಹೆಚ್ಚಾದರೆ ಬೇರೆ ವಿಮೆಯ ಬಗ್ಗೆ ವಿಚಾರಿಸಿ.

ಹಂತ 8: ಕಾನೂನು

ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅಂಥದ್ದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಅಜ್ಜಿಯ 1918ರ ಕಾಸು ಕಳಿಸುವಂತಿಲ್ಲ ಅನ್ನುವುದು ಬಹಳ ಮನೆಗಳಿಗೆ ಗೊತ್ತಿಲ್ಲ. ಪುರಾತನ ವಸ್ತುವಿನ ವ್ಯಾಪಾರಕ್ಕೆ ಪರವಾನಗಿ ಬೇಕು, ವ್ಯಾಪಾರಿಯ ಹತ್ತಿರ ಅದು ಇದೆಯಾ ಕೇಳಿ. 'ಹೊಲದಲ್ಲಿ ಸಿಕ್ಕಿತು' ಅಂತ ಯಾರಾದರೂ ವರಹ ತಂದರೆ ಮುಟ್ಟಬೇಡಿ. ನೆಲದಡಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು. ಅದೂ ಅಲ್ಲದೆ, ಆ ಕಥೆ ಹೇಳಿ ಹಿತ್ತಾಳೆ ಮಾರಿ ಹೋಗುವವರೂ ಇದ್ದಾರೆ.

ವಿದೇಶದಿಂದ ಬರುವಾಗ ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ ಸುಂಕವಿಲ್ಲ ಅನ್ನುವ ರಿಯಾಯಿತಿ ಒಡವೆಗೆ ಮಾತ್ರ, ಅದೂ ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬಂದವರಿಗೆ. ನಾಣ್ಯಕ್ಕೆ ಅದಿಲ್ಲ. ದೇವನಹಳ್ಳಿಯಲ್ಲಿ ಇಳಿದಾಗ ಕಸ್ಟಮ್ಸ್‌ನವರ ಕೆಂಪು ದಾರಿಯಲ್ಲಿ ಹೋಗಿ ಹೇಳಿ, ಸುಂಕ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಹಾಗೆಯೇ ಮದುವೆಯಾದ ಹೆಂಗಸರಿಗೆ 500 ಗ್ರಾಂ, ಮದುವೆಯಾಗದವರಿಗೆ 250, ಗಂಡಸರಿಗೆ 100 ಅನ್ನುವ ಆದಾಯ ತೆರಿಗೆ ಇಲಾಖೆಯ 1994ರ ಸೂಚನೆಯೂ ಒಡವೆಗೆ ಸಂಬಂಧಿಸಿದ್ದು. ನಾಣ್ಯಕ್ಕೂ ಅನ್ವಯ ಅಂತ ಭಾವಿಸಬೇಡಿ. ಬಿಲ್ ಇಡಿ ಅಂತ ಮತ್ತೆ ಮತ್ತೆ ಹೇಳುವುದು ಅದಕ್ಕೇ.

ಮಾರಿದಾಗ ಲಾಭಕ್ಕೆ ತೆರಿಗೆ ಇದೆ. 2024ರ ಜುಲೈ 23ರಿಂದ ಬಂದ ಲೆಕ್ಕದಂತೆ 24 ತಿಂಗಳಿಗಿಂತ ಹೆಚ್ಚು ಇಟ್ಟಿದ್ದರೆ 12.5 ಪರ್ಸೆಂಟ್, ಅದಕ್ಕಿಂತ ಕಡಿಮೆಯಾದರೆ ನಿಮ್ಮ ಆದಾಯದ ಸ್ಲ್ಯಾಬ್. ಹಿರಿಯರಿಂದ ಬಂದದ್ದಾದರೆ ಅವರು ಇಟ್ಟುಕೊಂಡ ಕಾಲವೂ ಸೇರುತ್ತದೆ. 2001ರ ಏಪ್ರಿಲ್ 1ಕ್ಕಿಂತ ಮುಂಚಿನದಾದರೆ ಆ ದಿನದ ಬೆಲೆಯನ್ನು ಮೂಲ ಬೆಲೆಯಾಗಿ ಹಿಡಿಯಬಹುದು. ಮಾರುವ ವರ್ಷ ನಿಮ್ಮ ಆಡಿಟರನ್ನು ಒಮ್ಮೆ ಕೇಳಿಬಿಡಿ.

ಅಡವಿಟ್ಟು ಸಾಲ ಪಡೆಯುವ ಯೋಚನೆ ಇದ್ದರೆ, ಬ್ಯಾಂಕುಗಳು ನಾಣ್ಯ ಒಪ್ಪುವುದು ಒಬ್ಬರಿಗೆ 50 ಗ್ರಾಂವರೆಗೆ ಮಾತ್ರ. ಯಾವ ನಾಣ್ಯ ಒಪ್ಪುತ್ತಾರೆ ಅಂತ ಮೊದಲೇ ಕೇಳಿ.

ಹಂತ 9: ಒಂದು ನೋಟ್‌ಬುಕ್

ಪ್ರತಿ ನಾಣ್ಯಕ್ಕೆ ಒಂದು ಪುಟ. ಹೆಸರು, ಇಸವಿ, ಟಂಕಸಾಲೆಯ ಗುರುತು, ನೀವೇ ತೂಗಿದ ತೂಕ, ಅಳತೆ, ನೀರಿನ ಪರೀಕ್ಷೆಯ ಅಂಕಿ, ಎಲ್ಲಿಂದ ಬಂತು, ಎಷ್ಟಕ್ಕೆ, ಆ ದಿನದ ಚಿನ್ನದ ದರ, ಏನು ಊನ. ಎರಡೂ ಮುಖದ ಮತ್ತು ಅಂಚಿನ ಫೋಟೊ, ಬಿಲ್ಲಿನ ಪ್ರತಿ. ಈ ಪುಸ್ತಕ ಎಲ್ಲಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ.

ಮಾರಬೇಕಾಗಿ ಬಂದರೆ ಈ ಪುಸ್ತಕ ಹಿಡಿದು ಒಂದೇ ದಿನ ಮೂರು ಅಂಗಡಿ ಸುತ್ತಿ. ಯಾವ ದರ ಹಿಡಿಯುತ್ತೀರಿ, ಎಷ್ಟು ಕಳೆಯುತ್ತೀರಿ, ಹಣ ಯಾವಾಗ ಖಾತೆಗೆ ಬರುತ್ತದೆ ಅಂತ ಕೇಳಿ. ಒಂದೊಂದು ನಾಣ್ಯವನ್ನೂ ಬೇರೆ ಬೇರೆಯಾಗಿ ತೂಗಿಸಿ. ಒಟ್ಟಿಗೆ ಸುರಿಯಲು ಬಿಡಬೇಡಿ.

ನನ್ನ ಪುಸ್ತಕದ ಮೊದಲ ಪುಟ ಹೀಗಿದೆ: 'ಸವರನ್, 1918, ಐದನೇ ಜಾರ್ಜ್, ಮುಂಬೈ, ಗುರುತು ಐ. ತೂಕ 7.96. ಅಡ್ಡಳತೆ 22.0. ನೀರಿನಲ್ಲಿ 0.45. ಊನ: ಮೇಲಂಚಿನಲ್ಲಿ ಕೊಂಡಿಯ ಬೆಸುಗೆ. ಬಂದದ್ದು: ಅಜ್ಜಿಯ ಕಾಸಿನ ಸರ, ಬಸವನಗುಡಿ. ಹನ್ನೆರಡರಲ್ಲಿ ಒಂದು.'